ಹೇಳಿ ಬರೆಸಿದ್ದು

ಫೆಬ್ರವರಿ 12
ಹಾಸ್ಟೆಲ್

ಪ್ರೀತಿಯ ಅಪ್ಪ,

ಅಕ್ಷರ ನೋಡಿ ಗಾಬರಿಯಾಗಬೇಡಿ. ಪತ್ರ ನನ್ನದೇ, ಕೈ ಮಾತ್ರ ನನ್ನ ರೂಮಿನವಳದು. ಹೋದ ವಾರ ಒಗೆದ ಬಟ್ಟೆಯ ಬಕೆಟ್ ಹಿಡಿದು ಮೆಟ್ಟಿಲು ಹತ್ತುವಾಗ ಕಾಲು ಜಾರಿತು. ಬಕೆಟ್ಟು ಡಣಡಣ ಎನ್ನುತ್ತಾ ಕೆಳಗಿನ ಮಹಡಿಯವರೆಗೂ ಹೋಯಿತು, ನಾನು ಅರ್ಧಕ್ಕೇ ನಿಂತೆ. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ. ನೋವು ಈಗ ಅಷ್ಟಿಲ್ಲ, ತುರಿಕೆ ಇದೆ. ಅದಕ್ಕೆ ರೂಮಿನವಳ ಸ್ಕೇಲು ಇದೆ. ಫೋನಿನಲ್ಲಿ ಹೇಳಿದ್ದರೆ ನೀವು ಕನ್ನಡಕದಂಗಡಿಯ ಬಾಗಿಲೆಳೆದು ಸಿಕ್ಕಿದ ಬಸ್ಸು ಹತ್ತುತ್ತಿದ್ದಿರಿ. ಅದಕ್ಕೇ ಸುಮ್ಮನಿದ್ದೆ. ಬೈಯಬೇಡಿ.

ನಿಜವಾದ ಪೇಚಾಟ ಬೇರೆಯೇ ಇದೆ. ಮೇ ತಿಂಗಳಲ್ಲಿ ಕೊನೆಯ ವರ್ಷದ ಪರೀಕ್ಷೆ. ಇತಿಹಾಸದ ಪತ್ರಿಕೆ ಎಂದರೆ ಬರೀ ಪ್ರಬಂಧಗಳು, ಒಂದೊಂದು ಪ್ರಶ್ನೆಗೂ ಪುಟಗಟ್ಟಲೆ ಬರೆಯಬೇಕು. ಅಷ್ಟರೊಳಗೆ ಪ್ಲಾಸ್ಟರ್ ಬಿಚ್ಚಿದರೂ ಮೂರು ಗಂಟೆ ಪೆನ್ನು ಹಿಡಿಯುವ ಮಾತು ಮರೆತುಬಿಡು ಎಂದರು ಡಾಕ್ಟರು. ಒಂದೋ ಈ ವರ್ಷ ಬಿಡಬೇಕು, ಇಲ್ಲವೇ ನಾನು ಹೇಳಿದ್ದನ್ನು ಇನ್ನೊಬ್ಬರು ಬರೆಯಬೇಕು. ಬರೆಯುವವರಿಗೆ ಇತಿಹಾಸ ಗೊತ್ತಿರಬಾರದು ಎಂಬ ಷರತ್ತಿನ ಮೇಲೆ ಕಾಲೇಜಿನವರು ಒಪ್ಪಿದ್ದಾರೆ. ನನ್ನ ರೂಮಿನವಳು ಗಣಿತದವಳು. "ನಂಗೆ ಹೋದ ವರ್ಷ ಏನಾಯ್ತು ಅನ್ನೋದೇ ನೆನಪಿರಲ್ಲ, ನಾನೇ ಸರಿ ಬಿಡು," ಎಂದಳು. ನಾನು ಅವಳನ್ನು ಗಣಿತಮ್ಮ ಎಂದು ಕರೆಯುತ್ತೇನೆ. ಅವಳಿಗೂ ಈಗ ಅಭ್ಯಾಸವಾಗಿದೆ.

ಮೊದಲ ಸಲ ಒಂದು ಉತ್ತರ ಹೇಳಲು ಕೂತೆ. ಎರಡು ಸಾಲಿಗೇ ಬಾಯಿ ಕಟ್ಟಿಹೋಯಿತು. ತಲೆಯಲ್ಲಿ ಎಲ್ಲವೂ ಇದೆ, ಹೊರಗೆ ಬರುವ ದಾರಿ ಮಾತ್ರ ಇಲ್ಲ. ನಮ್ಮ ಇತಿಹಾಸದ ಮೇಡಂ ಎದುರು ಅತ್ತೇಬಿಟ್ಟೆ. ಅವರು ಅಳು ಮುಗಿಯುವವರೆಗೆ ಕಾದು, "ಇಷ್ಟು ವರ್ಷ ನಿನ್ನ ಕೈ ಯೋಚನೆ ಮಾಡ್ತಿತ್ತು ಕಣಮ್ಮಾ. ಇನ್ನು ಬಾಯಿಗೆ ಕಲಿಸು. ಮನೆಗೆ ಪತ್ರ ಹೇಳಿ ಬರೆಸು. ಹೇಳಿದ್ಮೇಲೆ ಹೊಡೆದುಹಾಕೋ ಹಾಗಿಲ್ಲ. ವಾಕ್ಯ ಪೂರ್ತಿ ತಲೇಲಿ ಆದ್ಮೇಲೆ ಬಾಯಿ ತೆಗಿ," ಎಂದರು.

ಹಾಗಾಗಿ ಈ ಪತ್ರ ನನ್ನ ಓದು. ನೀವೂ ಉತ್ತರ ಬರೆಯಬೇಕು. ನಮ್ಮ ಫೋನಿನ ಮಾತು ಎಂಥದ್ದು ಎಂದು ನಿಮಗೇ ಗೊತ್ತಲ್ಲ. "ಊಟ ಆಯ್ತಾ?" "ಆಯ್ತು." "ಸರಿ, ಇಡ್ಲಾ?" ಅದರಿಂದ ಯಾರ ಬಾಯಿಯೂ ಪಳಗುವುದಿಲ್ಲ.

ನಿಮ್ಮ,
ಒಂಟಿಗೈ ಮಗಳು

(ಬರೆದವಳ ಟಿಪ್ಪಣಿ: ಅಪ್ಪ, ನಮಸ್ಕಾರ. ಇವಳು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ. ಅತ್ತದ್ದು ಮೇಡಂ ಎದುರು ಮಾತ್ರ ಅಲ್ಲ.)


ಫೆಬ್ರವರಿ 21
ಅಂಗಡಿ

ಪುಟ್ಟೀ,

ನಿನ್ನ ಪತ್ರ ಬಂದಾಗ ನಾನೊಂದು ಹಳೇ ಫ್ರೇಮಿಗೆ ಸ್ಕ್ರೂ ಕೂರಿಸುತ್ತಿದ್ದೆ. ಅಕ್ಷರ ನಿನ್ನದಲ್ಲ ಎಂದು ನೋಡಿದೊಡನೆ ಸ್ಕ್ರೂ ಕೈಜಾರಿ ಎಲ್ಲಿಗೋ ಹಾರಿತು. ಕನ್ನಡಕದ ಸ್ಕ್ರೂ ನೆಲಕ್ಕೆ ಬಿದ್ದರೆ ಸಿಕ್ಕಿದಂತೆಯೇ. ಪಕ್ಕದ ಹೊಲಿಗೆಯಂಗಡಿಯವರು ಸೂಜಿ ಆರಿಸುವ ಅಯಸ್ಕಾಂತ ತಂದು ಹುಡುಕಿಕೊಟ್ಟರು. ಆಮೇಲೆ ಪತ್ರವನ್ನೂ ಅವರೇ ಓದಿ ಹೇಳಿದರು. ನನ್ನ ಕನ್ನಡಕ ಎಲ್ಲಿಟ್ಟಿದ್ದೆನೋ ಆ ಗಡಿಬಿಡಿಯಲ್ಲಿ ತಿಳಿಯಲಿಲ್ಲ. ಕನ್ನಡಕದ ಅಂಗಡಿಯವನ ಪಾಡು ನೋಡು.

ಇತ್ತ ಎಲ್ಲ ಸರಿ ಎಂದು ಬರೆಯಬಹುದಿತ್ತು, ನಿನ್ನ ಸುದ್ದಿ ಹಾಗೆ ಬರೆಯಲು ಬಿಡಲಿಲ್ಲ. ಬರಲೇ? ಬೇಡವೆಂದರೆ ಬರುವುದಿಲ್ಲ. ರಾತ್ರಿ ಮಲಗುವಾಗ ಕೈಯನ್ನು ದಿಂಬಿನ ಮೇಲಿಡು, ಬಾವು ಇಳಿಯುತ್ತದೆ ಎಂದು ಹೊಲಿಗೆಯವರು ಹೇಳಿದರು. ಪ್ಲಾಸ್ಟರಿನ ಮೇಲೆ ನಿನ್ನ ಯಾವ ಅಂಗಿಯ ತೋಳೂ ಏರುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ, ಅವರಿಗೆ ಹೊಳೆಯಿತು. ಬಲತೋಳು ಅಗಲವಿರುವ ಎರಡು ಅಂಗಿ ಹೊಲಿಯುತ್ತಿದ್ದಾರೆ. ನಿನ್ನ ಅಳತೆ ಅವರ ಹತ್ತಿರ ಇದೆಯಂತೆ. ನಾಳೆ ಪಾರ್ಸೆಲ್ ಮಾಡುತ್ತೇನೆ.

ನಾನು ಪತ್ರ ಬರೆದು ಯಾವ ಕಾಲವಾಯಿತೋ. ಅಮ್ಮ ಇದ್ದಾಗ ಬರೆಯುವುದೆಲ್ಲ ಅವಳದೇ, ಕೆಳಗೆ ಹೆಸರು ಹಾಕುವುದು ನನ್ನದು. ಅವಳು ಹೋದಮೇಲೆ ಯಾರಿಗೂ ಏನೂ ಬರೆದಿಲ್ಲ. ತಪ್ಪಿದ್ದರೆ ತಿದ್ದಿಕೋ. ಗಣಿತಮ್ಮನಿಗೆ ಹೇಳು, ನನ್ನ ಮಗಳ ಕೈಯಾಗಿರುವುದರಿಂದ ಅವಳೂ ನನಗೊಬ್ಬ ಮಗಳೇ ಎಂದು.

ಅಪ್ಪ


ಮಾರ್ಚ್ 4
ಹಾಸ್ಟೆಲ್

ಪ್ರೀತಿಯ ಅಪ್ಪ,

ಅಂಗಿಗಳು ಬಂದವು. ತೋಳು ಎಷ್ಟು ಅಗಲವಾಗಿದೆ ಎಂದರೆ ಒಳಗೆ ಪ್ಲಾಸ್ಟರ್ ಹೋಗಿ, ಸ್ಕೇಲು ಹೋಗಿ, ಇನ್ನೂ ಒಂದು ಪೆನ್ನಿಗೆ ಜಾಗ ಉಳಿಯುತ್ತದೆ. ಹೊಲಿಗೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಓದಿನ ವಿಷಯ. ಕಳೆದ ವಾರ ಮೇಡಂ ಒಂದು ಪ್ರಶ್ನೆ ಕೊಟ್ಟು, ಗಡಿಯಾರ ಮುಂದಿಟ್ಟು, ಹೇಳಿಸಿದರು. ಗಣಿತಮ್ಮ ಎಷ್ಟು ಪ್ರಾಮಾಣಿಕಳು ಎಂದರೆ ನನ್ನ ಬಾಯಿಂದ ಬಿದ್ದದ್ದೆಲ್ಲ ಹಾಳೆಗೆ ಹೋಗಿದೆ. ಮೇಡಂ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು: "ಹಳ್ಳಿಗಳಿಂದ ಪಟ್ಟಣಕ್ಕೆ ಜನ ಬರತೊಡಗಿದರು ಅಯ್ಯೋ ತಡಿ ಅದಕ್ಕೂ ಮುಂಚೆ ಗಿರಣಿ ಬಂದಿತ್ತಲ್ಲ ಛೇ ಇದನ್ನ ಬರೀಬೇಡ ಬರೆದ್ಯಾ." ತರಗತಿಯೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಆದರೆ ಬೆವರಿದ್ದೆ.

ಈಗ ಸ್ವಲ್ಪ ಪಳಗಿದ್ದೇನೆ. ಬೆಳಿಗ್ಗೆ ತಾರಸಿಯ ಮೇಲೆ ಅಡ್ಡಾಡುತ್ತಾ ಒಂದು ಉತ್ತರವನ್ನು ಪೂರ್ತಿ ತಲೆಯಲ್ಲಿ ಕಟ್ಟಿಕೊಳ್ಳುತ್ತೇನೆ. ಒಂದು ಪ್ಯಾರಾಕ್ಕೆ ಒಂದು ಬಟ್ಟೆ ಎಂದು ತಂತಿಯ ಮೇಲಿನ ಬಟ್ಟೆಗಳನ್ನು ಗುರುತಿಟ್ಟುಕೊಳ್ಳುತ್ತೇನೆ. ನೀಲಿ ಟವೆಲ್ಲು ಕಾರಣಗಳು, ಪಕ್ಕದ ದುಪ್ಪಟ್ಟ ಪರಿಣಾಮಗಳು. ಯಾರಾದರೂ ಬಂದು ಒಣಗಿದ ಟವೆಲ್ಲು ತೆಗೆದುಕೊಂಡು ಹೋದರೆ ನನ್ನ ಕಾರಣಗಳೇ ಮಾಯ.

ಮೇಡಂ ಪದೇ ಪದೇ ಹೇಳುವುದು ಒಂದೇ: "ಊರೆಲ್ಲಾ ಸುತ್ತಬೇಡ. ಕೇಳಿದ್ದಕ್ಕೆ ಉತ್ತರ ಮೊದಲ ವಾಕ್ಯದಲ್ಲೇ ಇರ್ಬೇಕು." ಅದು ನಮ್ಮ ಮನೆತನಕ್ಕೇ ಬರುವುದಿಲ್ಲ ಎಂದು ಅವರಿಗೆ ಹೇಗೆ ಹೇಳಲಿ?

ನಿಮ್ಮ,
ಮಗಳು

(ಬರೆದವಳ ಟಿಪ್ಪಣಿ: ನಿಮ್ಮ ಪತ್ರದಲ್ಲಿ ನಿಮ್ಮ ಮಗಳಿಗಿಂತ ಹೊಲಿಗೆಯವರೇ ಹೆಚ್ಚು ಸಲ ಬಂದಿದ್ದಾರೆ. ಇದನ್ನು ಇವಳಿಗೆ ಹೇಳಿದೆ. "ನಿನಗೆ ಎಲ್ಲದರಲ್ಲೂ ಲೆಕ್ಕ" ಎಂದಳು.)


ಮಾರ್ಚ್ 15
ಅಂಗಡಿ

ಪುಟ್ಟೀ,

ನಿಮ್ಮ ಮೇಡಂ ಹೇಳಿದ ಹಾಗೆ ಮೊದಲ ವಾಕ್ಯದಲ್ಲೇ ಉತ್ತರ ಬರೆಯಲು ನೋಡಿದೆ. ಎರಡು ಹಾಳೆ ಹಾಳಾದವು. ಹಾಗಾಗಿ ನನ್ನ ದಾರಿಯಲ್ಲೇ ಬರುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಅಂಗಡಿಗೆ ಸುಣ್ಣ ಬಳಿಸಿದೆ. ಕಣ್ಣು ಪರೀಕ್ಷೆಯ ಬೋರ್ಡು ಮಾಸಿತ್ತು, ಬೇರೆ ತಂದೆ. ಹಳೆಯದರ ಕೊನೆಯ ಸಾಲನ್ನು ಗಿರಾಕಿಗಳು ಬಾಯಿಪಾಠ ಮಾಡಿಬಿಟ್ಟಿದ್ದರು, ಕಣ್ಣು ಮುಚ್ಚಿಕೊಂಡೂ ಓದುತ್ತಿದ್ದರು. ಬಾಡಿಗೆ ಮನೆಯ ಹಿಂದಿನ ಕಿಟಕಿ ಸರಿಮಾಡಿಸಿದ್ದೇನೆ, ಈಗ ಪೂರ್ತಿ ತೆರೆಯುತ್ತದೆ. ಕೆಲಸಗಾರರನ್ನು ಕರೆತಂದದ್ದು ಹೊಲಿಗೆಯವರು.

ಗಣಿತಮ್ಮನ ಲೆಕ್ಕ ಸರಿಯಿದೆ, ಪುಟ್ಟೀ.

ಅವರು ಒಂಟಿ ಹೆಂಗಸಾಗಿ ನಮ್ಮ ಪಕ್ಕದಲ್ಲಿ ಅಂಗಡಿ ಇಟ್ಟು ಬಹಳ ವರ್ಷವಾಯಿತು, ನಿನಗೇ ಗೊತ್ತು. ನಿನ್ನ ಶಾಲೆಯ ಸಮವಸ್ತ್ರ ಹೊಲಿದವರು. ಮೊದಲೆಲ್ಲ ನಮಸ್ಕಾರ ಅಂದರೆ ನಮಸ್ಕಾರ, ಅಷ್ಟೇ. ಈಗೊಂದು ವರ್ಷದಿಂದ ಸಂಜೆ ಎರಡೂ ಅಂಗಡಿ ಮುಚ್ಚಿದ ಮೇಲೆ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಮಾತಾಡುತ್ತೇವೆ. ಮಾತೆಂದರೆ ಅಂಥ ಮಾತೇನಿಲ್ಲ. ಯಾರ ಗಿರಾಕಿ ಏನಂದರು, ಯಾವ ದಾರ ಬಣ್ಣ ಬಿಟ್ಟಿತು. ಆದರೆ ಆ ಮಾತಿಗಾಗಿ ಮಧ್ಯಾಹ್ನದಿಂದಲೇ ಕಾಯುತ್ತಿದ್ದೇನೆ ಎಂದು ನನಗೇ ಒಂದು ದಿನ ತಿಳಿಯಿತು. ಅವರಿಗೆ ಹೇಳಿದೆ. ಅವರು ಕತ್ತರಿ ಕೆಳಗಿಟ್ಟು, "ನಾನೂ," ಎಂದರು.

ನಾವು ಮದುವೆಯಾಗಬೇಕು ಎಂದುಕೊಂಡಿದ್ದೇವೆ. ನೀನು ಒಪ್ಪಿದರೆ.

ಪರೀಕ್ಷೆ ಹತ್ತಿರ ಇಟ್ಟುಕೊಂಡು ಇದನ್ನು ಬರೆಯಬಾರದಿತ್ತೇನೋ. ಬರೆಯದೆ ಇದ್ದರೆ ನಿನ್ನೆದುರು ಕಳ್ಳನ ಹಾಗೆ ಓಡಾಡಬೇಕಾಗುತ್ತಿತ್ತು.

ಅಪ್ಪ


ಮಾರ್ಚ್ 22
ಹಾಸ್ಟೆಲ್

ಅಪ್ಪ,

ಪತ್ರ ತಲುಪಿತು. ಓದು ಜಾಸ್ತಿ ಇದೆ. ಇನ್ನು ಪರೀಕ್ಷೆ ಮುಗಿಯುವವರೆಗೆ ಪತ್ರ ಬರೆಸಲು ಆಗುವುದಿಲ್ಲ.

ಆರೋಗ್ಯ ನೋಡಿಕೊಳ್ಳಿ.

ಮಗಳು


ಮಾರ್ಚ್ 31
ಅಂಗಡಿ

ಪುಟ್ಟೀ,

ಈ ಸಲ ಬರೆದವಳ ಟಿಪ್ಪಣಿ ಇರಲಿಲ್ಲ. ಕಾಗದ ತಿರುಗಿಸಿಯೂ ನೋಡಿದೆ.

ಆ ಮಾತು ಬಿಟ್ಟುಬಿಡು. ನಾನು ಅವರಿಗೆ ಹೇಳಿದ್ದೇನೆ, ಬೇಡ ಎಂದು. ಅವರು "ಸರಿ," ಎಂದು ಒಳಗೆ ಹೋಗಿ ಮಿಷನ್ ತುಳಿಯತೊಡಗಿದರು. ನಾನೂ ನನ್ನ ಅಂಗಡಿಗೆ ಬಂದೆ. ಗೋಡೆ ತೆಳು, ಮಿಷನ್ನಿನ ಸದ್ದು ಕೇಳುತ್ತಿರುತ್ತದೆ. ಅಷ್ಟೇ.

ನೀನು ತಲೆ ಕೆಡಿಸಿಕೊಳ್ಳದೆ ಓದು. ಪ್ಲಾಸ್ಟರ್ ಯಾವತ್ತು ಬಿಚ್ಚುತ್ತಾರೆ? ಬಿಚ್ಚಿದ ಮೇಲೆ ಬೆಚ್ಚನೆ ನೀರಲ್ಲಿ ಕೈಯಿಟ್ಟು ಬೆರಳು ಆಡಿಸಬೇಕು ಎಂದು ಕೇಳಿದ್ದೇನೆ. ಯಾರು ಹೇಳಿದರೋ ಮರೆತಿದೆ.

ಅಪ್ಪ


ಏಪ್ರಿಲ್ 16
ಹಾಸ್ಟೆಲ್

ಪ್ರೀತಿಯ ಅಪ್ಪ,

ಬರೆಸುವುದಿಲ್ಲ ಎಂದವಳು ಬರೆಸುತ್ತಿದ್ದೇನೆ. ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕೈ ನನ್ನದಲ್ಲವೇನೋ ಎನ್ನುವಷ್ಟು ಸಣಕಲಾಗಿದೆ, ಬೆರಳು ಅರ್ಧಕ್ಕೇ ನಿಲ್ಲುತ್ತವೆ. ಬೆಚ್ಚನೆ ನೀರಿನಲ್ಲಿ ಆಡಿಸುತ್ತಿದ್ದೇನೆ. ಯಾರು ಹೇಳಿದ್ದು ಎಂದು ನಿಮಗೆ ಮರೆತಿರಬಹುದು, ನನಗೆ ಗೊತ್ತು.

ಮೊದಲು ಮಾರ್ಚಿನ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಪತ್ರ ಬಂದ ಸಂಜೆಯೇ ನಾನು ಒಂದು ಉದ್ದನೆಯ ಉತ್ತರ ಬರೆಸಿದ್ದೆ. ಒಂದು ಸಲವೂ ತಡವರಿಸಲಿಲ್ಲ. "ಅಯ್ಯೋ ತಡಿ" ಇಲ್ಲ, "ಛೇ" ಇಲ್ಲ. ಮೇಡಂ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಗಣಿತಮ್ಮ ಪೂರ್ತಿ ಬರೆದಳು. ಆಮೇಲೆ, "ಬರೆದವಳು ಒಂದ್ಸಲ ಓದಿ ಹೇಳ್ಬೇಕು, ಅದು ನಿಯಮ," ಎಂದು ಓದತೊಡಗಿದಳು. ಅವಳ ದನಿಯಲ್ಲಿ ನನ್ನ ಮಾತು ಕೇಳಲಾಗಲಿಲ್ಲ. ಎರಡನೇ ಪುಟಕ್ಕೇ "ಸಾಕು" ಎಂದೆ. ಅದನ್ನು ಹರಿದುಹಾಕಿ ಮೂರು ಸಾಲು ಕಳಿಸಿದೆವು. ಆ ಮೂರು ಸಾಲು ಹರಿದದ್ದಕ್ಕಿಂತ ಕೆಟ್ಟದಾಗಿತ್ತು ಎಂದು ಅವಳ ಅಭಿಪ್ರಾಯ. ಅದಕ್ಕೇ ಟಿಪ್ಪಣಿ ಇರಲಿಲ್ಲ.

ಕಳೆದ ವಾರ ಪರೀಕ್ಷೆಯಂತೆಯೇ ಮೇಡಂ ಒಂದು ಅಭ್ಯಾಸ ಪರೀಕ್ಷೆ ಮಾಡಿಸಿದರು. ಪ್ರಶ್ನೆ: "ಗಿರಣಿಯ ಯಂತ್ರಗಳನ್ನು ಒಡೆದುಹಾಕಿದ ನೇಕಾರರು ಮಾಡಿದ್ದು ಸರಿಯೇ? ಚರ್ಚಿಸಿ." ನನಗೆ ಬಹಳ ಇಷ್ಟದ ಪಾಠ. ನೇಕಾರರ ಪರವಾಗಿ ಎದೆ ತಟ್ಟಿ ಹೇಳಿದೆ. ಅಂಕ ನೋಡಿದರೆ ಪಾಸಾಗುವಷ್ಟೂ ಇಲ್ಲ. ಜಗಳಕ್ಕೆ ಹೋದೆ.

"ಇದು ಚರ್ಚೆ ಅಲ್ಲಮ್ಮ, ಮೆರವಣಿಗೆ," ಎಂದರು ಮೇಡಂ. "ಗಿರಣಿ ಮಾಲೀಕನಿಗೆ ಒಂದೇ ಸಾಲು ಕೊಟ್ಟಿದ್ದೀಯ. ಅವನು ದುರಾಸೆಯವನು, ಮುಗೀತು."

"ದುರಾಸೆಯವನೇ ಅಲ್ವಾ ಮೇಡಂ?"

"ಇರ್ಬಹುದು. ಆದ್ರೆ ಅವನು ನಿನ್ನ ಉತ್ತರ ಓದಿದ್ರೆ, 'ಹೌದು, ನಾನು ಹೇಳೋದು ಇದನ್ನೇ' ಅನ್ಬೇಕು. ಅಷ್ಟು ಚೆನ್ನಾಗಿ ಅವನ ಮಾತನ್ನ ನೀನೇ ಹೇಳು. ಆಮೇಲೆ ಬೇಕಾದ್ರೆ ಅವನನ್ನ ಸೋಲಿಸು. ನಿಂಗೆ ಒಪ್ಪಿಗೆ ಇಲ್ಲದ ಯಾವುದಾದ್ರೂ ವಿಷಯ ತಗೊಂಡು ಅಭ್ಯಾಸ ಮಾಡು."

ರೂಮಿಗೆ ಬಂದು ಗಣಿತಮ್ಮನಿಗೆ ಹೇಳಿದೆ. ಅವಳು ಹಾಳೆ ತೆಗೆದು ತಾನೇ ಒಂದು ಪ್ರಶ್ನೆ ಬರೆದು ನನ್ನ ಮುಂದಿಟ್ಟಳು. "ಐವತ್ತು ದಾಟಿದ ಅಪ್ಪ ಮತ್ತೆ ಮದುವೆಯಾಗುವುದು ಸರಿಯೇ? ಚರ್ಚಿಸಿ."

"ಇದು ಪಠ್ಯದಲ್ಲಿಲ್ಲ," ಎಂದೆ.

"ನಂಗೆ ಪಠ್ಯ ಏನು ಅಂತ ಗೊತ್ತಿಲ್ಲ. ಶುರು ಮಾಡು," ಎಂದಳು.

ನಿಮ್ಮ ಪಕ್ಷವನ್ನು ಹೇಳಲು ಕೂತೆ, ಅಪ್ಪ. ಪುರಾವೆ ಹುಡುಕಬೇಕಲ್ಲ. ರಜೆಗೆ ಬಂದಾಗ ಕಂಡದ್ದನ್ನೆಲ್ಲ ಜ್ಞಾಪಿಸಿಕೊಂಡೆ. ಒಂದು ದಿನ ಮಾಡಿದ ಅಡುಗೆಯನ್ನು ನೀವು ಮೂರು ದಿನ ಉಣ್ಣುತ್ತೀರಿ, ಒಲೆಯ ಪಕ್ಕದಲ್ಲೇ ನಿಂತುಕೊಂಡು. ಅಂಗಡಿಗೆ ಹೊರಡುವಾಗ ಮನೆಯ ರೇಡಿಯೋ ಹಾಕಿಯೇ ಹೋಗುತ್ತೀರಿ. ಕರೆಂಟು ದಂಡ ಎಂದು ನಾನು ರೇಗಿದ್ದಕ್ಕೆ, "ಬಾಗಿಲು ತೆಗೆದಾಗ ಯಾರಾದ್ರೂ ಮಾತಾಡ್ತಿರ್ಲಿ ಅಂತ," ಎಂದಿದ್ದಿರಿ. ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ. ಯಾರೂ ಕೇಳದ ಹಳೇ ಫ್ರೇಮುಗಳನ್ನು ರಿಪೇರಿ ಮಾಡಿ ಮಾಡಿ ಗಾಜಿನ ಕಪಾಟು ತುಂಬಿಸಿದ್ದೀರಿ. ಫೋನು ಮಾಡಿದಾಗಲೆಲ್ಲ ನನ್ನ ಊಟ ಆಯಿತೇ ಎಂದು ಕೇಳುತ್ತೀರಿ. ನಾನು ಒಂದು ಸಲವೂ ತಿರುಗಿ ಕೇಳಿಲ್ಲ.

ಇಷ್ಟು ಹೇಳುವಾಗ ನನ್ನ ಬಾಯಿ ಮತ್ತೆ ಕಟ್ಟಿತು. ಗಣಿತಮ್ಮ ಪೆನ್ನು ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಕಾಯುತ್ತಾ ಕೂತಳು.

ನನ್ನ ಪಕ್ಷವನ್ನೂ ಹೇಳಬೇಕಲ್ಲ. ಅದು ಹರಿದುಹಾಕಿದ ಪತ್ರದಲ್ಲಿದ್ದದ್ದಲ್ಲ. ಅದರಲ್ಲಿ ಜನ ಏನಂದಾರು, ಈ ವಯಸ್ಸಿನಲ್ಲಿ ಯಾಕೆ, ಎಂಬ ಎರವಲು ಮಾತುಗಳೇ ಇದ್ದವು. ನಿಜವಾದದ್ದು ಇಷ್ಟೇ: ಅಮ್ಮ ಹೇಗೆ ನಗುತ್ತಿದ್ದಳು, ಹೇಗೆ ಸಿಟ್ಟಾಗುತ್ತಿದ್ದಳು ಎಂದು ನೆನಪಿಟ್ಟುಕೊಂಡಿರುವವರು ನಾವಿಬ್ಬರೇ. ನೀವು ಬೇರೆ ಕಡೆ ತಿರುಗಿದರೆ ಅಷ್ಟೂ ನನ್ನೊಬ್ಬಳ ಮೇಲೆ ಬೀಳುತ್ತದೆ. ನನ್ನಿಂದ ಹೊರಲಾಗದೆ ಏನಾದರೂ ಕೈಬಿಟ್ಟುಹೋದರೆ ಎಂಬ ಭಯ.

ಎರಡೂ ಕಡೆ ಹೇಳಿಯಾಯಿತು. ಕೊನೆಯಲ್ಲಿ ತೀರ್ಮಾನ ಬರೆಯದಿದ್ದರೆ ಮೇಡಂ ಅಂಕ ಕಳೆಯುತ್ತಾರೆ. ನನಗೆ ಒಪ್ಪಿಗೆ ಇದೆ, ಅಪ್ಪ. ಸಂತೋಷವಾಗಿದೆ ಎಂದು ಬರೆಸಿದರೆ ಸುಳ್ಳಾಗುತ್ತದೆ. ಸಂತೋಷ ಮುಂದಿನ ಬಸ್ಸಿಗೆ ಬರಬಹುದು. ನೀವು ಮತ್ತೊಮ್ಮೆ ಅವರ ಹತ್ತಿರ ಮಾತಾಡಿ.

ನಿಮ್ಮ,
ಮಗಳು

(ಬರೆದವಳ ಟಿಪ್ಪಣಿ: ಹತ್ತಕ್ಕೆ ಎಂಟು ಕೊಡಬಹುದು. ಉತ್ತರ ಮೊದಲ ವಾಕ್ಯದಲ್ಲಿ ಬರಲಿಲ್ಲ.)


ಏಪ್ರಿಲ್ 25

ಮಗಳಿಗೆ,

ನಾನು ಪಕ್ಕದ ಅಂಗಡಿಯ ಹೊಲಿಗೆಯವಳು. ಪತ್ರ ಬರೆದು ಅಭ್ಯಾಸವಿಲ್ಲ, ನೇರವಾಗಿ ಬರೆಯುತ್ತೇನೆ.

ನಿಮ್ಮಪ್ಪ ನಿನ್ನ ಪತ್ರ ಹಿಡಿದುಕೊಂಡು ಬಂದರು, ಓದಿ ಎಂದು ಕೊಟ್ಟರು. ನಾನು ಓದಲಿಲ್ಲ. ಅದು ಅವರಿಗೆ ಬರೆದದ್ದು. ಮಗಳು ಒಪ್ಪಿದ್ದಾಳೆ ಎಂದಷ್ಟೇ ಹೇಳಿದರು.

ನನಗೆ ಸಿಟ್ಟಿತ್ತು. ನಿನ್ನ ಮೇಲಲ್ಲ, ಅವರ ಮೇಲೆ. ಮಾರ್ಚಿನಲ್ಲಿ ಬಂದು ಬೇಡ ಎಂದರು, ಈಗ ಬಂದು ಬೇಕು ಎನ್ನುತ್ತಾರೆ. "ಉದ್ದ ಆಯ್ತು ಗಿಡ್ಡ ಮಾಡಿ, ಗಿಡ್ಡ ಆಯ್ತು ಉದ್ದ ಮಾಡಿ ಅನ್ನೋಕೆ ನಾನೇನು ನಿಮ್ಮ ಪ್ಯಾಂಟಾ?" ಎಂದೆ. ಅವರ ಮುಖ ನೋಡಿ ಆಮೇಲೆ ಒಳಗೆ ಹೋಗಿ ನಕ್ಕೆ. ಆದರೆ ಎದುರಿಗೆ ನಗಲಿಲ್ಲ. ಯೋಚಿಸಲು ನನಗೂ ಸಮಯ ಬೇಕು, ನಿನ್ನ ಪರೀಕ್ಷೆ ಮುಗಿಯುವವರೆಗೆ ಈ ಮಾತು ಎತ್ತಬೇಡಿ ಎಂದಿದ್ದೇನೆ.

ನಿನಗೂ ಕೆಲವು ಗೊತ್ತಿರಲಿ. ನನಗೆ ಹಿಂದೆ ಒಮ್ಮೆ ಮದುವೆಯಾಗಿತ್ತು, ಸರಿಬರಲಿಲ್ಲ, ಬಿಟ್ಟು ಬಂದೆ. ಅಂದಿನಿಂದ ನನ್ನ ದುಡಿಮೆ ನನ್ನದು. ಮದುವೆಯಾದರೂ ಅಂಗಡಿ ಬಿಡುವುದಿಲ್ಲ. ನೀನು ನನ್ನನ್ನು ಅಮ್ಮ, ಚಿಕ್ಕಮ್ಮ ಎಂದೆಲ್ಲ ಕರೆಯಬೇಕಿಲ್ಲ. ಇಲ್ಲಿಯತನಕ ಕರೆದ ಹಾಗೆ ಕರೆದರೆ ನಾನು ತಿರುಗಿ ನೋಡುತ್ತೇನೆ.

ನಿನ್ನಮ್ಮ ನನ್ನ ಗಿರಾಕಿಯಾಗಿದ್ದರು. ಪ್ರತಿ ಅಂಗಿಯ ಒಳಗೂ ಒಂದು ಸಣ್ಣ ಜೇಬು ಇಡಿಸಿಕೊಳ್ಳುತ್ತಿದ್ದರು. ಏನಿಡ್ತೀರಿ ಅದರಲ್ಲಿ ಎಂದು ಒಮ್ಮೆ ಕೇಳಿದೆ. "ಏನೂ ಇಲ್ಲಪ್ಪಾ, ಇದೆ ಅಂತ ಗೊತ್ತಿದ್ರೆ ಧೈರ್ಯ," ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಎದ್ದುಕಾಣುವ ಹಾಗೆ ನಗುವುದಕ್ಕೆ ಅವರಿಗೆ ಸಂಕೋಚ, ಆದರೆ ಭುಜ ಅಲುಗುತ್ತಿತ್ತು. ಯಾಕೋ ನಿನಗೆ ಬರೆಯಬೇಕೆನಿಸಿತು.

ಚೆನ್ನಾಗಿ ಬರೆಸು. ಬರೆಯುವ ಹುಡುಗಿಗೂ ಸರಿಯಾಗಿ ನಿದ್ದೆ ಮಾಡಲು ಹೇಳು.

ಹೊಲಿಗೆಯವಳು


ಏಪ್ರಿಲ್ 30
ಹಾಸ್ಟೆಲ್

ಹೊಲಿಗೆಯವರಿಗೆ ನಮಸ್ಕಾರ.

ಇದು ಎಡಗೈಯಲ್ಲಿ ಬರೆದದ್ದು. ಗಣಿತಮ್ಮನಿಗೆ ಹೇಳಿ ಬರೆಸಲು ಮನಸ್ಸಾಗಲಿಲ್ಲ. ಕೋಳಿ ಕೆದಕಿದಂತಿದೆ, ಮನ್ನಿಸಿ.

ಅಪ್ಪ ಬೇಡ ಎಂದದ್ದು ನನ್ನಿಂದ. ಆ ಸಿಟ್ಟಿನಲ್ಲಿ ನನ್ನ ಪಾಲನ್ನು ನನಗೇ ಕೊಡಿ.

ಜೇಬಿನ ವಿಷಯ ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಾರದು. ಅಮ್ಮನ ಇನ್ನೂ ಏನಾದರೂ ನೆನಪಿದ್ದರೆ ಮರೆಯದೆ ಇಟ್ಟಿರಿ. ನಾನು ಬಂದಾಗ ಕೇಳುತ್ತೇನೆ.

ನಿಮ್ಮ ಅಳತೆಯ ಹುಡುಗಿ


ಜುಲೈ 9
ಮನೆ

ಗಣಿತಮ್ಮಾ,

ನೋಡು, ಇದು ನನ್ನ ಬಲಗೈಯ ಅಕ್ಷರ. ಸಾಲು ಇನ್ನೂ ಇಳಿಜಾರಿನಲ್ಲಿ ಹೋಗುತ್ತದೆ, ಪುಟ ಮುಗಿಯುವಷ್ಟರಲ್ಲಿ ಬೆರಳು ಮರಗಟ್ಟುತ್ತವೆ, ಆದರೂ ನನ್ನದೇ. ನಿನಗೆ ನಾನು ಬರೆಯುತ್ತಿರುವ ಮೊದಲ ಪತ್ರ. ಟಿಪ್ಪಣಿ ಹಾಕಲು ಯಾರೂ ಇಲ್ಲದೆ ಎಲ್ಲವೂ ಸಪ್ಪೆ ಅನಿಸುತ್ತದೆ.

ಮೊದಲ ವಾಕ್ಯದಲ್ಲೇ ಬರೆಯಬೇಕಾದದ್ದು: ನಾವು ಪಾಸಾದೆವು. ನಾವು ಎಂದೇ ಹೇಳುತ್ತೇನೆ. ಮೊದಲ ದರ್ಜೆ ಕೂದಲೆಳೆಯಲ್ಲಿ ತಪ್ಪಿತು, ಆದರೆ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿದೆ. ಮೇಡಂಗೆ ಫೋನು ಮಾಡಿದರೆ, "ಗಿರಣಿ ಮಾಲೀಕನಿಗೆ ನ್ಯಾಯ ಸಿಕ್ತಾ?" ಎಂದರು. ಸಿಕ್ಕಿತು ಎಂದೆ. ಆ ಕೊನೆಯ ಪತ್ರಿಕೆ ನೆನೆದರೆ ಈಗಲೂ ನಗು ಬರುತ್ತದೆ. ಮೂಲೆಯ ಚಿಕ್ಕ ಕೊಠಡಿ, ನಾನು ಹೇಳುವುದು, ನೀನು ಬರೆಯುವುದು, ಕಾವಲಿಗೆ ಕೂತ ಸರ್ ಕುರ್ಚಿಯಲ್ಲೇ ತೂಕಡಿಸುವುದು. ನಾನು ನೇಕಾರರು ಗಿರಣಿಯ ಬಾಗಿಲಿಗೆ ಬಂದರು ಎನ್ನುವಲ್ಲಿ ಉಸಿರು ತೆಗೆದುಕೊಳ್ಳಲು ನಿಂತರೆ, ಅವರು ಕಣ್ಣು ತೆರೆದು, "ಆಮೇಲೆ?" ಎಂದರಲ್ಲ. ನೀನು ಅದನ್ನೂ ಬರೆಯಲು ಹೊರಟಿದ್ದೆ.

ಹೊಲಿಗೆಯವರೂ ಒಪ್ಪಿದರು, ಮದುವೆ ಹೋದ ತಿಂಗಳು ಕಚೇರಿಯಲ್ಲಿ ರಿಜಿಸ್ಟರ್ ಆಯಿತು. ಸಾಕ್ಷಿಗೆ ನಾನೂ ಸಹಿ ಹಾಕಿದೆ. ಕಷ್ಟಪಟ್ಟು ಹಾಕಿದ್ದನ್ನು ನೋಡಿ ಗುಮಾಸ್ತರು, "ನಿಮಗೆ ಒಪ್ಪಿಗೆ ಇದೆ ತಾನೇ?" ಎಂದು ಅನುಮಾನದಿಂದ ಕೇಳಿದರು. ಮನೆಯಲ್ಲಿ ಈಗ ಸಣ್ಣಪುಟ್ಟ ಜಟಾಪಟಿ ಇದ್ದದ್ದೇ. ಅಪ್ಪನಿಗೆ ಉಪ್ಪು ಜಾಸ್ತಿ ಬೇಕು, ಹೊಲಿಗೆಯವರಿಗೆ ಕಮ್ಮಿ. ನನಗೆ ಕೆಲವು ದಿನ ಯಾವ ಕೋಣೆಯಲ್ಲಿ ಕೂರಬೇಕೆಂದೇ ತೋಚುವುದಿಲ್ಲ. ಕೆಲವು ಸಂಜೆ ಅವರು ಹೊಲಿಯುತ್ತಾ ಅಮ್ಮನ ಯಾವುದೋ ಒಂದು ಮಾತು ಹೇಳುತ್ತಾರೆ, ಅಪ್ಪ ಅದಕ್ಕೊಂದು ಸೇರಿಸುತ್ತಾರೆ, ನಾನು ಕೇಳುತ್ತಾ ಕೂರುತ್ತೇನೆ.

ಆದರೆ ನಿನಗೆ ಬರೆಯಬೇಕೆಂದುಕೊಂಡದ್ದು ಬೇರೆ. ಕೊನೆಯ ಪತ್ರಿಕೆಯ ದಿನ ನೀನು ಬರೆದುಕೊಟ್ಟವಳೆಂದು ಕಾಗದಕ್ಕೆ ಸಹಿ ಹಾಕಲು ಕಚೇರಿಗೆ ಹೋದೆ, ಅಲ್ಲಿಂದ ಸೀದಾ ನಿನ್ನ ಊರಿನ ಬಸ್ಸಿಗೆ. ನಾನು ಒಬ್ಬಳೇ ಗೇಟಿನ ಹತ್ತಿರ ಬಂದೆ. ಅಪ್ಪ ಬಂದಿದ್ದರು. ಕಾವಲುಗಾರನ ಗೂಡಿನ ಪಕ್ಕ ನಿಂತು ಗೋಡೆಯ ಮೇಲಿನ ನೋಟೀಸು ಓದುತ್ತಿದ್ದರು. ರಸ್ತೆಯ ಆ ಬದಿಯಲ್ಲಿ, ಒಂದು ಮರದ ಕೆಳಗೆ, ಹೊಲಿಗೆಯವರು ಬೇರೆ ಯಾರನ್ನೋ ಕಾಯುವವರ ಹಾಗೆ ನಿಂತಿದ್ದರು. ಒಂದೇ ಬಸ್ಸಿನಲ್ಲಿ ಬಂದವರು. ನನ್ನೆದುರು ಜೊತೆಗೆ ನಿಲ್ಲಬಹುದೋ ಬಾರದೋ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ನಾನು ಮೊದಲು ರಸ್ತೆ ದಾಟಿದೆ. "ಎಷ್ಟು ಹೊತ್ತಾಯ್ತು ಬಂದು?" ಎಂದೆ. "ಈಗಷ್ಟೇ," ಎಂದರು. ಅವರ ಕುತ್ತಿಗೆ ಬಿಸಿಲಿಗೆ ಕೆಂಪಾಗಿತ್ತು. "ನಿನ್ನ ಕೈ ನೋಡೋಣ," ಎಂದು ಮಣಿಕಟ್ಟನ್ನು ಹಿಡಿದು ಅತ್ತ ಇತ್ತ ತಿರುಗಿಸಿದರು. ಆಮೇಲೆ ಇಬ್ಬರೂ ಸೇರಿ ಅಪ್ಪನ ಕಡೆ ಬಂದೆವು. ಅಪ್ಪ ನೋಟೀಸನ್ನು ಇನ್ನೂ ಓದುತ್ತಿದ್ದರು. ಅದು ಹೋದ ವರ್ಷದ್ದು.

ವಾಪಸ್ಸು ಬರುವ ಬಸ್ಸಿನಲ್ಲಿ ಸೀಟು ಬೇಕಾದಷ್ಟು ಖಾಲಿ ಇದ್ದವು. ಹೊಲಿಗೆಯವರು ಕಿಟಕಿಯ ಪಕ್ಕ ಕೂತರು. ಅಪ್ಪ ಮಾತ್ರ ಕಂಬಿ ಹಿಡಿದು ನಿಂತೇ ಇದ್ದರು. ಕಂಡಕ್ಟರು ಎರಡು ಸಲ ಕೂತ್ಕೊಳ್ಳಿ ಎಂದರೂ, "ಪರವಾಗಿಲ್ಲ, ಪರವಾಗಿಲ್ಲ." ಕೊನೆಗೆ ನಾನೇ, "ಅಪ್ಪಾ, ನೀವು ಅಲ್ಲಿ ಕೂತ್ಕೊಳ್ಳಿ. ನಾನು ಹಿಂದೆ ಕಾಲು ಚಾಚ್ಕೊಂಡು ಕೂರ್ತೀನಿ," ಎಂದೆ. ಅವರು ಸೀಟಿನ ಅಂಚಿನಲ್ಲಿ, ಇನ್ನೊಂದು ಆಸಾಮಿ ಕೂರುವಷ್ಟು ಜಾಗ ನಡುವೆ ಬಿಟ್ಟು ಕೂತರು.

ಹಿಂದಿನಿಂದ ನನಗೆ ಎರಡು ತಲೆಗಳಷ್ಟೇ ಕಾಣುತ್ತಿದ್ದವು. ಪೇಟೆ ದಾಟುವಷ್ಟರಲ್ಲಿ ಅಪ್ಪನಿಗೆ ತೂಕಡಿಕೆ ಬಂತು. ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲವೇನೋ. ತಲೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ವಾಲಿತು. ಆಮೇಲೆ ಬಸ್ಸಿನ ಕುಲುಕಾಟಕ್ಕೆ ನಡುವಿನ ಜಾಗ ಕರಗಿ, ಮೆಲ್ಲಗೆ ಹೊಲಿಗೆಯವರ ಭುಜದ ಮೇಲೆ ಬಂದು ನಿಂತಿತು.

ಅವರು ಅಲ್ಲಾಡಲಿಲ್ಲ. ತಿರುಗಿ ನನ್ನನ್ನು ನೋಡಲೂ ಇಲ್ಲ, ಅಪ್ಪನನ್ನು ನೋಡಲೂ ಇಲ್ಲ. ಬಸ್ಸು ಗುಂಡಿಗೆ ಬಿದ್ದಾಗ ಮುಂದಿನ ಕಂಬಿಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಭುಜ ಅಲುಗದ ಹಾಗೆ ಕೂತರು. ಬಿಸಿಲು ಕಿಟಕಿಯಿಂದ ಮುಖಕ್ಕೇ ಹೊಡೆಯುತ್ತಿತ್ತು. ಪರದೆ ಎಳೆಯಲು ಕೈ ಚಾಚಬೇಕಿತ್ತು, ಚಾಚಲಿಲ್ಲ. ದಾರಿಯುದ್ದಕ್ಕೂ ಹಾಗೆಯೇ.

ನಮ್ಮ ನಿಲ್ದಾಣ ಬಂದಾಗ ಅಪ್ಪ ತಾವಾಗಿಯೇ ಎಚ್ಚೆತ್ತು ನೆಟ್ಟಗೆ ಕೂತರು. ಏನೂ ಗೊತ್ತಿಲ್ಲದವರ ಹಾಗೆ ಮೊದಲು ಇಳಿದರು. ಅವರ ಹಿಂದೆ ಇಳಿದ ಹೊಲಿಗೆಯವರು ಪಕ್ಕಕ್ಕೆ ನಿಂತು, ಭುಜವನ್ನು ಒಮ್ಮೆ ತಿರುಗಿಸಿ ನೀವಿಕೊಂಡರು.

"ಯಾಕೆ, ಏನಾಯ್ತು?" ಎಂದರು ಅಪ್ಪ.

"ಏನಿಲ್ಲ," ಎಂದರು ಅವರು. "ಹೊಲಿದು ಹೊಲಿದು ಹಿಡ್ಕೊಂಡಿದೆ."

ನಿನ್ನ,
ಇತಿಹಾಸದವಳು